ಲೇಬಲ್ಲು ಹೇಳಿದ್ದು, ಗ್ಲಾಸು ಹೇಳಿದ್ದು

ಕಳೆದ ತಿಂಗಳು ಒಂದು ಶನಿವಾರ ಸಂಜೆ ಪುಣೆಯ ನಮ್ಮ ಮನೆಯಲ್ಲಿ ಐದು ಜನ ಕನ್ನಡಿಗರು ಸೇರಿದ್ದೆವು. ಎದುರಿಗೆ ನಾಲ್ಕು ಬಾಟಲಿ ಬರ್ಬನ್: ಜಿಮ್ ಬೀಮ್, ಮೇಕರ್ಸ್ ಮಾರ್ಕ್, ವುಡ್‌ಫರ್ಡ್ ರಿಸರ್ವ್, ವೈಲ್ಡ್ ಟರ್ಕಿ 101. ಎರಡು ಇಲ್ಲೇ ಅಂಗಡಿಯಲ್ಲಿ ಕೊಂಡದ್ದು, ಎರಡು ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಿಂದ ಬಂದದ್ದು. ಎಲ್ಲಕ್ಕಿಂತ ದುಬಾರಿಯದನ್ನು ತಂದ ಮಂಗಳೂರಿನ ಗೆಳೆಯ ಅದನ್ನು ಮೇಜಿನ ನಡುವೆ, ದೇವರ ಮುಂದೆ ತೆಂಗಿನಕಾಯಿ ಇಟ್ಟ ಹಾಗೆ ಇಟ್ಟಿದ್ದ.

ನಮ್ಮಲ್ಲಿ ಕುಡಿಯದವರು ಒಬ್ಬರೇ. ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರಾದವರು. ಅವರನ್ನೇ ಅಂಪೈರ್ ಮಾಡಿದೆವು. ಬಾಟಲಿಗಳನ್ನೆಲ್ಲ ಅಡುಗೆಮನೆಗೆ ಒಯ್ದು ಬಾಗಿಲು ಹಾಕಿಕೊಂಡರು. ಹಳೇ ಕ್ಯಾಲೆಂಡರಿನಿಂದ ಒಂದರಿಂದ ಐದರವರೆಗಿನ ಅಂಕಿಗಳನ್ನು ಕತ್ತರಿಸಿ ಗ್ಲಾಸುಗಳ ಕೆಳಗಿಟ್ಟು, ಒಂದೊಂದರಲ್ಲೂ ಔಷಧಿ ಅಳತೆಯಲ್ಲಿ 15 ಮಿಲಿಲೀಟರ್ ಸುರಿದು ತಂದರು. ನಾಲ್ಕು ಬಾಟಲಿಗೆ ಐದು ಗ್ಲಾಸು ಯಾಕೆ ಎಂದು ಕೇಳಿದ್ದಕ್ಕೆ, "ಲೆಕ್ಕ ಆಮ್ಯಾಲೆ ಕೊಡ್ತೀನ್ರೀ, ಮೊದಲ ಕುಡೀರಿ" ಅಂದರು.

ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಬಾಟಲಿಯನ್ನು ಮುಚ್ಚಿಟ್ಟು ಗ್ಲಾಸನ್ನು ಮಾತ್ರ ನಂಬುವ ಈ ಆಟದ ಹಿಂದೆ ನೂರೈವತ್ತು ವರ್ಷಗಳ ಒಂದು ಜಗಳವಿದೆ. ಬಾಟಲಿಯ ಮೇಲೆ ಬರೆದದ್ದಕ್ಕೂ ಒಳಗೆ ಇರುವುದಕ್ಕೂ ಏನು ಸಂಬಂಧ ಎಂಬುದೇ ಆ ಜಗಳ. ಬರ್ಬನ್ನಿನ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಅದೇ.

ನಮಗೆಲ್ಲ ಈ ಹೆಸರಿನ ಮೊದಲ ಪರಿಚಯ ಬಿಸ್ಕತ್ತಿನಿಂದ. ನಡುವೆ ಚಾಕೊಲೇಟ್ ಕೆನೆ, ಮೇಲೆ ಸಕ್ಕರೆ ಹರಳು ಇರುವ ಬೋರ್ಬನ್. ಅದು 1910ರಲ್ಲಿ ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿಯಲ್ಲಿ ಹುಟ್ಟಿದ್ದು, ಅದರಲ್ಲಿ ಒಂದು ಹನಿ ಮದ್ಯವೂ ಇಲ್ಲ. ಬಿಸ್ಕತ್ತಿಗೂ ಮದ್ಯಕ್ಕೂ ಸಾಮಾನ್ಯವಾದದ್ದು ಫ್ರಾನ್ಸಿನ ರಾಜಮನೆತನದ ಹೆಸರು. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕನ್ನರಿಗೆ ಫ್ರೆಂಚ್ ದೊರೆ ನೆರವಾಗಿದ್ದ. ಆ ಋಣಕ್ಕಾಗಿ ಈಗಿನ ಕೆಂಟಕಿಯ ಒಂದು ಜಿಲ್ಲೆಗೆ 1785ರಲ್ಲಿ ಬರ್ಬನ್ ಕೌಂಟಿ ಎಂದು ಹೆಸರಿಟ್ಟರು. ಮದ್ಯಕ್ಕೆ ಹೆಸರು ಬಂದದ್ದು ಅಲ್ಲಿಂದಲೋ, ನದಿಯ ಮೇಲೆ ಪೀಪಾಯಿಗಳು ತೇಲಿ ಹೋಗುತ್ತಿದ್ದ ನ್ಯೂ ಆರ್ಲಿಯನ್ಸಿನ ಬರ್ಬನ್ ಬೀದಿಯಿಂದಲೋ ಎಂಬ ವಾದ ಇನ್ನೂ ಮುಗಿದಿಲ್ಲ.

ಹುಟ್ಟಿದ ಕತೆಯೂ ಹೀಗೇ. ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1789ರಲ್ಲಿ ಪೀಪಾಯಿಯ ಒಳಮೈ ಸುಟ್ಟು ಅದರಲ್ಲಿ ಮದ್ಯ ತುಂಬಿದ, ಅದೇ ಮೊದಲ ಬರ್ಬನ್ ಎಂದು ಬಹಳ ಕಡೆ ಓದುತ್ತೀರಿ. ಕ್ರೇಗ್ ಇದ್ದದ್ದು ನಿಜ, ಭಟ್ಟಿ ನಡೆಸಿದ್ದೂ ನಿಜ. ಆದರೆ ಸುಟ್ಟ ಪೀಪಾಯಿಯ ಕತೆ ಅವನ ಕಾಲದ ದಾಖಲೆಗಳಲ್ಲಿ ಇಲ್ಲ. ಅವನು ಸತ್ತು ಎಷ್ಟೋ ದಶಕಗಳಾದ ಮೇಲೆ ಅಂಟಿಕೊಂಡದ್ದು. ಪಾನನಿರೋಧದ ಕೂಗು ಏರುತ್ತಿದ್ದ ಕಾಲದಲ್ಲಿ ಮದ್ಯದ ವ್ಯಾಪಾರಿಗಳಿಗೆ ಒಬ್ಬ ಪಾದ್ರಿ ಮೂಲಪುರುಷನಾಗಿ ಸಿಕ್ಕರೆ ಬೇಡ ಅನ್ನುತ್ತಾರೆಯೇ?

ಕತೆಯಲ್ಲಿ ಹೆಸರು ಸಿಗದವರೂ ಇದ್ದಾರೆ. ಕೆಂಟಕಿ, ಟೆನೆಸಿಗಳ ಆರಂಭದ ಭಟ್ಟಿಗಳಲ್ಲಿ ದುಡಿದವರಲ್ಲಿ ಗುಲಾಮರಾಗಿದ್ದ ಕಪ್ಪು ಜನರಿದ್ದರು. ಟೆನೆಸಿಯಲ್ಲಿ ಹುಡುಗ ಜ್ಯಾಕ್ ಡೇನಿಯಲ್‌ಗೆ ಭಟ್ಟಿ ಇಳಿಸುವುದನ್ನು ಕಲಿಸಿದವನು ನಿಯರೆಸ್ಟ್ ಗ್ರೀನ್ ಎಂಬ ಗುಲಾಮ. ಊರಿನವರಿಗೆ ಗೊತ್ತಿದ್ದ ಈ ಸಂಗತಿಯನ್ನು ಕಂಪನಿ ಎದ್ದು ನಿಂತು ಹೇಳಿದ್ದು 2016ರಲ್ಲಿ. ಬರಹದಲ್ಲಿ ಉಳಿದವರಲ್ಲಿ ಒಬ್ಬ ಹೆಂಗಸೂ ಇದ್ದಾಳೆ. ಹಿಂದಿನ ಭಟ್ಟಿಯ ಹುಳಿನೀರನ್ನು ಹೊಸ ಹಿಟ್ಟಿಗೆ ಬೆರೆಸುವ ವಿಧಾನವನ್ನು ಕೆಂಟಕಿಯ ಕ್ಯಾಥರೀನ್ ಕಾರ್ಪೆಂಟರ್ 1818ರಲ್ಲಿ ಬರೆದಿಟ್ಟಿದ್ದಳು. ಕೇಳಿದರೆ ಮೊಸರಿನ ಹೆಪ್ಪಿನ ನೆನಪಾಗುತ್ತದೆ. ಆದರೆ ಈಗಿನ ಭಟ್ಟಿಗಳು ಬೆರೆಸುವುದು ಬಟ್ಟಿ ಇಳಿಸಿ ಉಳಿದ ನೀರು. ಅದರಲ್ಲಿ ಜೀವ ಇರುವುದಿಲ್ಲ, ಹುಳಿ ಮಾತ್ರ ಇರುತ್ತದೆ. ಬೇಡದ ಕ್ರಿಮಿ ಬೆಳೆಯದಂತೆ ಆ ಹುಳಿ ಕಾಯುತ್ತದೆ.

ಈಗ ಜಗಳಕ್ಕೆ ಬರೋಣ. 19ನೇ ಶತಮಾನದ ಬಹುಭಾಗ ಬರ್ಬನ್ ಮಾರಾಟವಾಗುತ್ತಿದ್ದದ್ದು ಪೀಪಾಯಿಯಲ್ಲಿ. ಭಟ್ಟಿಯವನು ದಲ್ಲಾಳಿಗೆ, ದಲ್ಲಾಳಿ ಹೆಂಡದಂಗಡಿಗೆ; ಅಂಗಡಿಯವನು ಪೀಪಾಯಿಯಿಂದ ಬಗ್ಗಿಸಿ ಗಿರಾಕಿಗೆ. ನಡುವೆ ಎಷ್ಟು ಕೈ ದಾಟಿತೋ ಅಷ್ಟು ನೀರು. ನೀರಾದರೆ ಪುಣ್ಯ. 'ರೆಕ್ಟಿಫೈಯರ್' ಎಂದು ಕರೆಸಿಕೊಳ್ಳುತ್ತಿದ್ದ ವ್ಯಾಪಾರಿಗಳು ಬಣ್ಣ ವಾಸನೆಯಿಲ್ಲದ ಹಸಿ ಮದ್ಯಸಾರ ಕೊಂಡು, ಅದಕ್ಕೆ ಸುಟ್ಟ ಸಕ್ಕರೆಯ ಬಣ್ಣ, ಒಣಹಣ್ಣಿನ ರಸ, ಇನ್ನೂ ಏನೇನೋ ಬೆರೆಸಿ, ಸಂಜೆಗೆ 'ಹಳೆಯ ಬರ್ಬನ್' ತಯಾರು ಮಾಡುತ್ತಿದ್ದರು. ಎಲ್ಲರೂ ಮೋಸಗಾರರಾಗಿರಲಿಲ್ಲ, ಒಳ್ಳೆಯ ಮಿಶ್ರಣ ಮಾಡುವವರೂ ಇದ್ದರು. ಕುಡಿಯುವವನಿಗೆ ಮಾತ್ರ ಯಾವುದು ಯಾವುದೆಂದು ತಿಳಿಯುವ ದಾರಿ ಇರಲಿಲ್ಲ.

1870ರಲ್ಲಿ ಲೂಯಿವಿಲ್ ಪಟ್ಟಣದ ಜಾರ್ಜ್ ಗಾರ್ವಿನ್ ಬ್ರೌನ್ ಒಂದು ದಾರಿ ಹುಡುಕಿದ. ಅವನು ಔಷಧಿ ಮಾರುತ್ತಿದ್ದವನು. ಆಗ ವೈದ್ಯರು ವಿಸ್ಕಿಯನ್ನು ಔಷಧಿಯಾಗಿ ಬರೆಯುತ್ತಿದ್ದರು, ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ ಎಂಬುದು ಅವರ ದೂರು. ಬ್ರೌನ್ ತನ್ನ ಬರ್ಬನ್ನನ್ನು ಮೊಹರು ಮಾಡಿದ ಗಾಜಿನ ಬಾಟಲಿಯಲ್ಲಿ ಮಾತ್ರ ಮಾರಿದ. ಅದೇ ಓಲ್ಡ್ ಫಾರೆಸ್ಟರ್. ತಮಾಷೆ ಎಂದರೆ, ಆ ಬಾಟಲಿಯೊಳಗೆ ಇದ್ದದ್ದೂ ಬೇರೆ ಬೇರೆ ಭಟ್ಟಿಗಳಿಂದ ಕೊಂಡು ಬೆರೆಸಿದ್ದೇ. ಅವನು ಕೊಟ್ಟ ಮಾತು ಇಷ್ಟೇ: ಪ್ರತಿ ಸಲವೂ ಒಂದೇ ಥರ ಇರುತ್ತದೆ, ನಡುವೆ ಯಾರೂ ಕೈ ಹಾಕಿಲ್ಲ.

ಇನ್ನೂ ಗಟ್ಟಿಯಾದ ಮಾತು ಬೇಕಿತ್ತು. ಅದನ್ನು ಕಾನೂನಿನಲ್ಲಿ ಬರೆಸಲು ಓಡಾಡಿದವರಲ್ಲಿ ಮುಖ್ಯನಾದವನು ಎಡ್ಮಂಡ್ ಹೇನ್ಸ್ ಟೇಲರ್. ಫ್ರಾಂಕ್‌ಫರ್ಟ್ ಬಳಿ ಕೋಟೆಯಂಥ ಭಟ್ಟಿ ಕಟ್ಟಿಸಿದ ಷೋಕಿ ಮನುಷ್ಯ. ತನ್ನ ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇದ್ದವನು. 1897ರ ಮಾರ್ಚ್ 3ರಂದು 'ಬಾಟಲ್ಡ್ ಇನ್ ಬಾಂಡ್' ಕಾಯ್ದೆ ಬಂತು. ಈ ಮಾತನ್ನು ಬಾಟಲಿಯ ಮೇಲೆ ಬರೆಯಬೇಕಾದರೆ ಒಳಗಿನ ಮದ್ಯ ಒಂದೇ ಭಟ್ಟಿಯದು, ಒಂದೇ ಹಂಗಾಮಿನದು ಆಗಿರಬೇಕು. ಕನಿಷ್ಠ ನಾಲ್ಕು ವರ್ಷ ಸರ್ಕಾರದ ಕಾವಲಿನ ಗೋದಾಮಿನಲ್ಲಿ ಇದ್ದಿರಬೇಕು. ಸರಿಯಾಗಿ 100 ಪ್ರೂಫ್, ಅಂದರೆ ಶೇಕಡಾ 50 ಮದ್ಯಸಾರ ಇರಬೇಕು. ಸರ್ಕಾರಕ್ಕೆ ಇದ್ದ ಚಿಂತೆ ಕುಡಿಯುವವನ ಹೊಟ್ಟೆಯದಲ್ಲ, ತೆರಿಗೆಯದು. ಗೋದಾಮಿಗೆ ಬೀಗ ಬೀಳುತ್ತಿದ್ದದ್ದು ಒಂದು ಗ್ಯಾಲನ್ನೂ ತೆರಿಗೆ ತಪ್ಪಿಸಿಕೊಂಡು ಹೋಗಬಾರದೆಂದು. ಆದರೆ ಅದೇ ಬೀಗ ಕಲಬೆರಕೆಯನ್ನೂ ತಡೆಯಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದವರು ನಮ್ಮ ಸೋದರಮಾವ. ಬೆಳಗಾವಿ ಕಡೆಯವರು, ಫೌಜಿನಲ್ಲಿ ಇದ್ದು ನಿವೃತ್ತರಾದವರು. ಅವರು ಕ್ಯಾಂಟೀನಿನಿಂದ ತರುತ್ತಿದ್ದ ಬಾಟಲಿಗೆ ನೆಂಟರಿಷ್ಟರಲ್ಲಿ ಇದ್ದ ಬೆಲೆ ನಿಮ್ಮ ಮನೆಗಳಲ್ಲೂ ಕಂಡಿರುತ್ತೀರಿ. 'ಮಿಲಿಟರಿ ಮಾಲು' ಅಂದರೆ ಸಾಕು. ಅದೇ ಬ್ರ್ಯಾಂಡು ಹೊರಗಿನ ಅಂಗಡಿಯಲ್ಲಿ ಸಿಗುತ್ತಿದ್ದರೂ, 'ರಕ್ಷಣಾ ಪಡೆಗಳಿಗೆ ಮಾತ್ರ' ಎಂಬ ಅಕ್ಷರಗಳಿದ್ದ ಬಾಟಲಿ ಬೇರೆಯೇ. ರುಚಿಗಾಗಿ ಅಲ್ಲ, ಅದರಲ್ಲಿ ಯಾರೂ ಏನೂ ಬೆರೆಸಿಲ್ಲ ಎಂಬ ನಂಬಿಕೆಗಾಗಿ. ಆ ನಂಬಿಕೆಯ ಹಿಂದೆ ಭಯವಿತ್ತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮುಂಬಯಿಯ ಓದುಗರಿಗೆ 2015ರ ಮಾಲ್ವಣಿ ನೆನಪಿರುತ್ತದೆ, ಅಲ್ಲಿ ಸತ್ತವರು ನೂರಕ್ಕೂ ಮೇಲೆ. ಎರಡೂ ಕಡೆ ಸತ್ತವರು ಲೇಬಲ್ಲಿನ ಬಾಟಲಿ ಕೊಳ್ಳಲು ಆಗದ ಬಡವರು.

ಅಮೆರಿಕದ ಜಗಳ 1897ಕ್ಕೆ ಮುಗಿಯಲಿಲ್ಲ. 1906ರಲ್ಲಿ ಶುದ್ಧ ಆಹಾರ ಕಾಯ್ದೆ ಬಂದ ಮೇಲೆ 'ವಿಸ್ಕಿ' ಎಂಬ ಪದ ಯಾರ ಸೊತ್ತು ಎಂಬ ಪ್ರಶ್ನೆ ಎದ್ದಿತು. ಸರ್ಕಾರದ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿಯದು ಒಂದೇ ಹಟ: ಪೀಪಾಯಿಯಲ್ಲಿ ಮಾಗಿದ್ದು ಮಾತ್ರ ವಿಸ್ಕಿ, ಮಿಕ್ಕದ್ದು ನಕಲಿ. 1907ರಲ್ಲಿ ಅಟಾರ್ನಿ ಜನರಲ್ ಬಹುಮಟ್ಟಿಗೆ ವೈಲಿಯ ಪರ ಅಭಿಪ್ರಾಯ ಕೊಟ್ಟರು. ಅವರ ಹೆಸರು ಚಾರ್ಲ್ಸ್ ಬೊನಪಾರ್ಟ್, ನೆಪೋಲಿಯನ್ನನ ತಮ್ಮನ ಮೊಮ್ಮಗ. ಫ್ರಾನ್ಸಿನಲ್ಲಿ ಬರ್ಬನ್ ಮನೆತನದ ಸಿಂಹಾಸನದ ಜಾಗದಲ್ಲಿ ಕೂತವರ ಕುಡಿಯೊಬ್ಬ ಅಮೆರಿಕದಲ್ಲಿ ಬರ್ಬನ್ನಿನ ಮಾನ ಕಾಯಲು ಕೂತಿದ್ದ! ಮಿಶ್ರಣದ ವ್ಯಾಪಾರಿಗಳು ಸುಮ್ಮನಾಗಲಿಲ್ಲ. ಕೊನೆಗೆ ಅಧ್ಯಕ್ಷ ಟಾಫ್ಟ್, ವೃತ್ತಿಯಿಂದ ನ್ಯಾಯಾಧೀಶರಾಗಿದ್ದವರು, ತಾವೇ ಕಡತ ತರಿಸಿಕೊಂಡು 1909ರ ಡಿಸೆಂಬರಿನಲ್ಲಿ ತೀರ್ಪು ಬರೆದರು. ಧಾನ್ಯದಿಂದ ಬಟ್ಟಿ ಇಳಿಸಿದ್ದನ್ನೆಲ್ಲ ವಿಸ್ಕಿ ಅನ್ನಬಹುದು. ಆದರೆ ನೇರ ವಿಸ್ಕಿಗೆ 'ಸ್ಟ್ರೈಟ್' ಎಂದೂ ಬೆರೆಸಿದ್ದಕ್ಕೆ 'ಬ್ಲೆಂಡೆಡ್' ಎಂದೂ ಬರೆಯಲೇಬೇಕು. ವೈಲಿಗೆ ಇದು ಸೋಲು. ನನಗೆ ಮಾತ್ರ ಟಾಫ್ಟ್ ಹೇಳಿದ್ದೇ ಸರಿ ಅನಿಸುತ್ತದೆ. ಬೇಕಾದ್ದನ್ನು ಮಾರು, ಏನು ಮಾರುತ್ತಿದ್ದೀಯ ಎಂಬುದನ್ನು ಬರೆ.

ಈ ಗಜಕಡ್ಡಿಯನ್ನು ನಮ್ಮ ಅಂಗಡಿಗಳ ಕಪಾಟಿಗೆ ಹಿಡಿದರೆ ಕಷ್ಟವಿದೆ. ಭಾರತದಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರಾಟವಾಗುವುದರ ದೊಡ್ಡ ಪಾಲಿಗೆ ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರವೇ ತಳಹದಿ. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವ ಹಾಗಿಲ್ಲ.

1920ರ ಜನವರಿಯಲ್ಲಿ ಅಮೆರಿಕಕ್ಕೆ ಪಾನನಿರೋಧ ಬಂತು, ಹೋದದ್ದು 1933ರ ಡಿಸೆಂಬರಿನಲ್ಲಿ. ಕೆಂಟಕಿಯ ಭಟ್ಟಿಗಳು ಮುಚ್ಚಿದವು. ಔಷಧಿಯ ವಿಸ್ಕಿ ಮಾರಲು ಆರು ಕಂಪನಿಗಳಿಗೆ ಮಾತ್ರ ಪರವಾನಗಿ. ಓಲ್ಡ್ ಫಾರೆಸ್ಟರ್ ಮಾಡುತ್ತಿದ್ದ ಬ್ರೌನ್-ಫೋರ್ಮನ್ ಅವುಗಳಲ್ಲಿ ಒಂದು. ವೈದ್ಯರ ಚೀಟಿ ತಂದವರಿಗೆ ಹತ್ತು ದಿನಕ್ಕೆ ಒಂದು ಪೈಂಟ್. ಕೇಳಿ ನಗು ಬರುತ್ತದೆಯೇ? ಮಹಾರಾಷ್ಟ್ರದಲ್ಲಿರುವ ನಾವು ನಗುವ ಹಾಗಿಲ್ಲ. 1949ರ ಮುಂಬಯಿ ಪಾನನಿರೋಧ ಕಾಯ್ದೆ ಇನ್ನೂ ಇದೆ, ಕುಡಿಯಲು ಪರ್ಮಿಟ್ ಬೇಕು, ಮತ್ತು ಆ ಪರ್ಮಿಟ್ ಕೊಡುವುದು 'ಆರೋಗ್ಯದ ರಕ್ಷಣೆ ಮತ್ತು ಪಾಲನೆ'ಗಾಗಿ. ಆ ಶನಿವಾರ ನಾವು ನಾಲ್ವರೂ, ಕಾಗದದ ಪ್ರಕಾರ, ಆರೋಗ್ಯ ಕಾಪಾಡಿಕೊಳ್ಳುತ್ತಿದ್ದೆವು.

ಚೀಟಿ ಸಿಗದವರ ಗತಿ ಬೇರೆಯಾಗಿತ್ತು. ಕಾರ್ಖಾನೆಗೆಂದು ಮೀಸಲಾದ ಮದ್ಯಸಾರವನ್ನು ಕಳ್ಳರು ಕದ್ದು ಮಾರುತ್ತಿದ್ದರು. ಅದು ಕುಡಿಯಲು ಬಾರದಂತೆ ಸರ್ಕಾರ ಅದಕ್ಕೆ ಮಿಥೈಲ್ ಆಲ್ಕೊಹಾಲ್ ಬೆರೆಸುವಂತೆ ಮಾಡಿತ್ತು, 1920ರ ದಶಕದ ಕೊನೆಗೆ ಅದರ ಪ್ರಮಾಣವನ್ನೂ ಹೆಚ್ಚಿಸಿತು. ಜನ ಕುಡಿದರು, ಕುರುಡಾದರು, ಸತ್ತರು. ಬೆಂಗಳೂರಿನಲ್ಲಿ, ಮಾಲ್ವಣಿಯಲ್ಲಿ ಕೊಂದದ್ದೂ ಅದೇ ವಿಷ.

ಪಾನನಿರೋಧ ಹೋದ ಮೇಲೆ ನಿಯಮಗಳು ಒಂದೊಂದಾಗಿ ಗಟ್ಟಿಯಾದವು. ಇವತ್ತು ಬರ್ಬನ್ ಎನ್ನಬೇಕಾದರೆ ಅಮೆರಿಕದಲ್ಲೇ ತಯಾರಾಗಿರಬೇಕು. ಧಾನ್ಯದಲ್ಲಿ ಕನಿಷ್ಠ ಶೇ. 51 ಗೋವಿನಜೋಳ ಇರಬೇಕು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಗೆ ಶೇ. 62.5ಕ್ಕಿಂತ ಹೆಚ್ಚು ಮದ್ಯಸಾರವಿರದಂತೆ ತುಂಬಬೇಕು. ನೀರು ಬಿಟ್ಟು ಬೇರೇನೂ ಸೇರಿಸುವಂತಿಲ್ಲ, ಬಣ್ಣವನ್ನೂ. 1964ರಲ್ಲಿ ಅಮೆರಿಕದ ಸಂಸತ್ತು ಇದು ತಮ್ಮ ದೇಶದ ವಿಶಿಷ್ಟ ಸೊತ್ತು ಎಂದು ಠರಾವು ಮಾಡಿತು. ಮಾಡಿದ ಸ್ವಲ್ಪ ಕಾಲಕ್ಕೇ ಅಲ್ಲಿನ ಯುವಕರು ಅಪ್ಪಂದಿರ ಬರ್ಬನ್ ಬಿಟ್ಟು ವೋಡ್ಕಾ ಹಿಡಿದರು ಎಂಬುದು ಬೇರೆ ಮಾತು. ಮತ್ತೆ ಚೇತರಿಸಿಕೊಂಡದ್ದು 1984ರಲ್ಲಿ ಎಲ್ಮರ್ ಲೀ ಒಂದೊಂದೇ ಪೀಪಾಯಿಯನ್ನು ಆರಿಸಿ ತುಂಬಿಸಿದ ಬ್ಲ್ಯಾಂಟನ್ಸ್‌ನಂಥ ಬಾಟಲಿಗಳಿಂದ.

'ಹೊಸ ಪೀಪಾಯಿ' ಎಂಬ ನಿಯಮ ನಮಗೂ ಸಂಬಂಧಿಸಿದ್ದು. ಒಮ್ಮೆ ಬರ್ಬನ್ ಮಾಗಿಸಿದ ಪೀಪಾಯಿಯನ್ನು ಮತ್ತೆ ಬರ್ಬನ್ನಿಗೆ ಬಳಸುವಂತಿಲ್ಲ. ಹಾಗಾಗಿ ಅವು ಸ್ಕಾಟ್ಲೆಂಡಿಗೆ, ಮೆಕ್ಸಿಕೋಗೆ, ಮತ್ತು ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರಕ್ಕೂ ಬರುತ್ತವೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್ ಮಾಗುವುದು ಅಂಥ ಪೀಪಾಯಿಗಳಲ್ಲಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಶೇ. 10ರಿಂದ 12 ಹೋಗುತ್ತದೆ. ದೇವತೆಗಳ ಪಾಲು ಎಂದು ಇದಕ್ಕೆ ಹೆಸರು. ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ.

ಹಳೆಯ ರೆಕ್ಟಿಫೈಯರನ ಬುದ್ಧಿ ಪೂರ್ತಿ ಸತ್ತಿಲ್ಲ. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗಿನ ಒಂದು ದೊಡ್ಡ ಭಟ್ಟಿ ಹತ್ತಾರು ಬ್ರ್ಯಾಂಡುಗಳಿಗೆ ವಿಸ್ಕಿ ಮಾಡಿಕೊಡುತ್ತದೆ. ಮಾಡಿಕೊಡುವುದು ತಪ್ಪಲ್ಲ, ಅದರ ಮಾಲು ಚೆನ್ನಾಗಿಯೇ ಇರುತ್ತದೆ. ಆದರೆ ಅಯೋವಾದ ಟೆಂಪಲ್ಟನ್ ರೈ ತನ್ನ ಊರಿನ ಪಾನನಿರೋಧ ಕಾಲದ ಕತೆಯನ್ನು ಬಾಟಲಿಗೆ ಅಂಟಿಸಿ ಇಂಡಿಯಾನಾದ ವಿಸ್ಕಿ ಮಾರಿದ್ದಕ್ಕೆ ಗಿರಾಕಿಗಳು ಕೋರ್ಟಿಗೆ ಹೋದರು. 2015ರಲ್ಲಿ ಕಂಪನಿ ರಾಜಿ ಮಾಡಿಕೊಂಡು ಲೇಬಲ್ಲು ತಿದ್ದಿತು. ಆದ್ದರಿಂದ ಬರ್ಬನ್ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಎಲ್ಲಿ ಬಟ್ಟಿ ಇಳಿಸಿದ್ದು, 'ಸ್ಟ್ರೈಟ್' ಎಂದಿದೆಯೇ, ಎಷ್ಟು ಪ್ರೂಫ್: ಈ ಮೂರು ಸಾಕು. 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕ ಶೇ. 150ರಿಂದ 100ಕ್ಕೆ ಇಳಿದರೂ, ರಾಜ್ಯದ ತೆರಿಗೆ ಸೇರಿ ನಿಮ್ಮ ಊರಿನ ಬೆಲೆ ನನ್ನ ಊರಿನದಲ್ಲ. ಕೊಡುವ ದುಡ್ಡಿಗೆ ಇಷ್ಟಾದರೂ ಓದಬೇಡವೇ?

ಓದಿ ಆದ ಮೇಲೆ ಮುಚ್ಚಿಡಿ. ನಮ್ಮ ಶನಿವಾರಕ್ಕೆ ಬಂದೆ. ಮೊದಲು ಮೂಸಿದೆವು, ಬಾಯಿ ಸ್ವಲ್ಪ ತೆರೆದುಕೊಂಡು; ಇಲ್ಲದಿದ್ದರೆ ಘಾಟು ಮೂಗಿಗೆ ಹೊಡೆಯುತ್ತದೆ. ಆಮೇಲೆ ಒಂದು ಗುಟುಕು ಹಾಗೇ, ಇನ್ನೊಂದು ಗುಟುಕು ನಾಲ್ಕು ಹನಿ ನೀರು ಹಾಕಿ. ಎಲ್ಲದರಲ್ಲೂ ಗೋವಿನಜೋಳದ ಸಿಹಿ, ಸುಟ್ಟ ಮರದಿಂದ ಬಂದ ವೆನಿಲಾ, ಬೆಲ್ಲದ ಪಾಕ ಎಳೆ ಹಿಡಿಯುವ ಮುಂಚಿನ ವಾಸನೆ. ವ್ಯತ್ಯಾಸ ಇರುವುದು ಎರಡನೇ ಧಾನ್ಯದಲ್ಲಿ. ರೈ ಇದ್ದರೆ ಲವಂಗ ಕಚ್ಚಿದ ಹಾಗೆ ನಾಲಗೆಯ ಬದಿಯಲ್ಲಿ ಚುರುಕು. ಮೇಕರ್ಸ್ ಮಾರ್ಕಿನಲ್ಲಿ ರೈ ಬದಲು ಗೋದಿ ಇದೆ, ಅದು ಮೆತ್ತಗೆ ಇಳಿಯುತ್ತದೆ. ವೈಲ್ಡ್ ಟರ್ಕಿ 101 ಎಂದರೆ ಶೇ. 50.5, ಅದನ್ನು ಮೊದಲು ಕುಡಿದರೆ ಮಿಕ್ಕವೆಲ್ಲ ನೀರು. ಅಂಪೈರರು ಕೇಳಿ ತಿಳಿದುಕೊಂಡು ಅದನ್ನು ಕೊನೆಯ ಗ್ಲಾಸಿನ ಹಿಂದಿನದರಲ್ಲಿ ಇಟ್ಟಿದ್ದರು. ಒಂದು ತಪ್ಪು ನಾನು ಮಾಡಿದೆ: ನಡುವೆ ಖಾರದ ಶೇಂಗಾ ಇಟ್ಟೆ. ಅದಾದ ಮೇಲೆ ಎರಡು ನಿಮಿಷ ಯಾರ ನಾಲಗೆಗೂ ಏನೂ ತಿಳಿಯಲಿಲ್ಲ. ಬರೀ ಚಪಾತಿ ತುಂಡು, ತಣ್ಣಗಿಲ್ಲದ ನೀರು ಸಾಕು.

ಅಂಕ ಕೊಟ್ಟು ಚೀಟಿ ಮಡಚಿ ಕೊಟ್ಟೆವು. ಧಾರವಾಡದವರು ಕನ್ನಡಕ ಏರಿಸಿ ಲೆಕ್ಕ ಒಪ್ಪಿಸಿದರು. ಎಲ್ಲಕ್ಕಿಂತ ದುಬಾರಿಯದು ಮೂರನೆಯದಾಗಿ ನಿಂತಿತ್ತು. ತಂದವನೇ ಅದಕ್ಕೆ ಕಡಿಮೆ ಅಂಕ ಕೊಟ್ಟಿದ್ದ. ಆಮೇಲೆ ಎರಡನೇ ಮತ್ತು ಐದನೇ ಗ್ಲಾಸಿನ ವಿಷಯ ಬಂತು. ಎರಡನೆಯದಕ್ಕೆ ನಾನು 'ಕಾವಲಿ ಮೇಲಿನ ತುಪ್ಪ' ಎಂದು ಬರೆದು ಎಂಟು ಕೊಟ್ಟಿದ್ದೆ. ಐದನೆಯದಕ್ಕೆ 'ಒಗರು, ಹಸಿ ಕಟ್ಟಿಗೆ' ಎಂದು ಬರೆದು ಐದು. ಎರಡೂ ಜಿಮ್ ಬೀಮ್. ಒಂದೇ ಬಾಟಲಿ. ಐದನೆಯದು ವೈಲ್ಡ್ ಟರ್ಕಿಯ ಹಿಂದೆ ಬಂದಿತ್ತು, ಅಷ್ಟೇ. ನಾಲ್ವರಲ್ಲಿ ಒಬ್ಬರೂ ಗುರುತಿಸಲಿಲ್ಲ. ಮೈಸೂರಿನ ಗೆಳತಿ ಮಾತ್ರ ಎರಡಕ್ಕೂ ಹತ್ತಿರ ಹತ್ತಿರದ ಅಂಕ ಕೊಟ್ಟಿದ್ದಳು.

"ಮೂವತ್ತು ವರ್ಷ ಸಾಲದ ಅರ್ಜಿ ನೋಡೀನಿ," ಅಂದರು ಅಂಪೈರರು. "ಹಿಂಗ ಒಂದು ಸುಳ್ಳು ಅರ್ಜಿ ನಡುವ ಇಟ್ಟು ನೋಡಿದ್ರನ ಮ್ಯಾನೇಜರ ಎಂಥಾವ ಅಂತ ಗೊತ್ತಾಗೋದು."

ಎಲ್ಲರೂ ಹೋದ ಮೇಲೆ ರಾತ್ರಿ ಸಿಂಕಿನ ಮುಂದೆ ನಿಂತೆ. ಜಿಮ್ ಬೀಮ್ ಬಾಟಲಿ ಖಾಲಿಯಾಗಿತ್ತು. ಮಾವ ನನಗೆ ಹೇಳುತ್ತಿದ್ದ ಮಾತು ನೆನಪಾಯಿತು: "ತಮ್ಮಾ, ಖಾಲಿ ಬಾಟಲಿ ಹಂಗ ಒಗೀಬ್ಯಾಡ. ಮೊದಲ ಲೇಬಲ್ ಹರಿ." ಗುಜರಿಗೆ ಹೋದ ಒಳ್ಳೆಯ ಬಾಟಲಿಗೆ ಯಾರೋ ಏನೋ ತುಂಬಿ ಮತ್ತೆ ಮಾರುತ್ತಾರೆ ಎಂಬ ಭಯ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ. ಅಂಟು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದು ತೆಗೆಯಲು ಹತ್ತು ನಿಮಿಷ ಹಿಡಿಯಿತು.